ಯಾರೂ ಓದದ ಬ್ಲಾಗಿನ ಉದ್ದೇಶ

ನನ್ನ ಕೀರ್ತಿ ಹವೀಜದ ಡಬ್ಬಿಯಲ್ಲಿದೆ ಎಂದು ನನಗೆ ತಿಳಿದದ್ದು ಕಳೆದ ವಾರ. ಹೆಂಡತಿ ಮಸಾಲೆ ಹುರಿಯುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ನಿವೃತ್ತಿ ಹತ್ತಿರ ಬಂದ ಗಂಡಸರೆಲ್ಲ ಮಾಡುವ ಹಾಗೆ, ಉರಿ ಎಷ್ಟಿರಬೇಕೆಂದು ಸಲಹೆ ಕೊಡುತ್ತಿದ್ದೆ. "ಅಹೋ, ಸುಮ್ಮನ ನಿಂದ್ರೂದಕಿಂತ ಮ್ಯಾಲಿನ ಫಳಿ ಮ್ಯಾಗಿನ ಹವೀಜದ ಡಬ್ಬಿ ಇಳಸ್ರಿ" ಎಂದಳು. ಇಳಿಸಿ ಮುಚ್ಚಳ ತೆಗೆದೆ. ಕೊತ್ತಂಬರಿ ಬೀಜದ ಘಮದ ಜೊತೆಗೆ ಒಂದು ಕಾರ್ಡು ಕೈಗೆ ಬಂತು. ಅದರ ಮೇಲೆ ಅವಳ ದುಂಡನೆಯ ಅಕ್ಷರದಲ್ಲಿ 'ಹವೀಜ' ಎಂದಿತ್ತು. ತಿರುಗಿಸಿ ನೋಡಿದರೆ ಅಚ್ಚಿನ ಅಕ್ಷರದಲ್ಲಿ ನನ್ನ ಹೆಸರು, ಹೆಸರಿನ ಕೆಳಗೆ 'ಬ್ಲಾಗ್ ಬರಹಗಾರ ಮತ್ತು ಚಿಂತಕ'. ಅನುಮಾನ ಬಂದು ಜೀರಿಗೆಯ ಡಬ್ಬಿ ತೆಗೆದೆ, ಅಲ್ಲೂ ಒಬ್ಬ ಚಿಂತಕ. ಸಾಸಿವೆಯಲ್ಲಿ, ಮೆಂತ್ಯದಲ್ಲಿ, ಕೊನೆಗೆ ಹಪ್ಪಳದ ಡಬ್ಬಿಯಲ್ಲೂ ಅವನೇ. "ಹೆಂಗೂ ಭಾಳ ಉಳದಿದ್ವಲ್ಲ, ದಪ್ಪ ಕಾಗದ, ಕೆಡೂದಿಲ್ಲ" ಎಂದು ಅವಳು ಸೌಟು ಆಡಿಸುತ್ತಲೇ ಸಮಜಾಯಿಷಿ ಕೊಟ್ಟಳು.

ಚಿಂತಕನ ಕೆಳಗೆ ಇನ್ನೂ ಐದು ಸಾಲು ಇದ್ದವು. ಕನ್ನಡಕ ತಂದು ಓದಿದೆ. ಓದಿ, ಯಾರೂ ನೋಡಲಿಲ್ಲವಷ್ಟೇ ಎಂದು ಅತ್ತಿತ್ತ ನೋಡಿದೆ. ಆ ಐದು ಸಾಲುಗಳ ಕಥೆಯನ್ನು ನಿಮಗೆ ಹೇಳದೆ ಇರಬಹುದಿತ್ತು. ಆದರೆ ನಮ್ಮ ಮನೆಗೆ ಬಂದವರು ಯಾರಾದರೂ ಸಾಸಿವೆ ಕೇಳಿದರೆ ಹೇಗೂ ಗೊತ್ತಾಗುವಂಥದ್ದು, ನಾನೇ ಹೇಳಿಬಿಡುವುದು ವಾಸಿ.

ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ವಿಜ್ಞಾನ ಕಲಿಸಲು ಹೊಸದಾಗಿ ಬಂದ ಮಾಸ್ತರೊಬ್ಬರು ಸ್ಟಾಫ್ ರೂಮಿನ ಏಕೈಕ ಕಂಪ್ಯೂಟರಿನಲ್ಲಿ ಬ್ಲಾಗ್ ಎಂಬುದನ್ನು ತೆರೆದು ತೋರಿಸಿದರು. ಪುಕ್ಕಟೆ, ಯಾರನ್ನೂ ಕೇಳಬೇಕಾಗಿಲ್ಲ, ಸಂಪಾದಕರ 'ವಿಷಾದಪೂರ್ವಕವಾಗಿ ಮರಳಿಸಲಾಗಿದೆ' ಇಲ್ಲ. ವರ್ಷಗಟ್ಟಲೆ ಪತ್ರಿಕೆಗಳಿಗೆ ಕವಿತೆ ಕಳಿಸಿ ಅವು ನನಗಿಂತ ಮೊದಲೇ ಮನೆಗೆ ಮರಳಿರುವುದನ್ನು ನೋಡಿದ್ದ ನನಗೆ ಇದು ಸ್ವರ್ಗವೇ ಅನ್ನಿಸಿತು. ಮನೆಯಲ್ಲಿ ಫೋನಿನ ಲೈನಿಗೆ ಇಂಟರ್ನೆಟ್ ಹಾಕಿಸಿದೆ. ಬ್ಲಾಗಿಗೆ 'ಸಂಜೀಮುಂದ' ಎಂದು ಹೆಸರಿಟ್ಟೆ. ಬಣ್ಣ ಆರಿಸುವುದರಲ್ಲಿ ಎಷ್ಟೋ ಸಂಜೆ ಕಳೆದೆ. ಎಲ್ಲ ಮುಗಿಯಿತು ಅನ್ನುವಾಗ ಕೊನೆಯಲ್ಲಿ ಒಂದು ಖಾಲಿ ಚೌಕ ಬಂತು. 'ಈ ಬ್ಲಾಗ್ ಯಾವುದರ ಬಗ್ಗೆ? ಚಿಕ್ಕದಾಗಿ ತಿಳಿಸಿ' ಎಂದು ಅದು ಕೇಳಿತು.

ನೀವೇ ಯೋಚಿಸಿ. ವೃತ್ತ ಎಂದರೇನು, ತ್ರಿಜ್ಯ ಎಂದರೇನು ಎಂದು ಕೇಳಿ, ಒಂದು ಸಾಲಿನಲ್ಲಿ ಹೇಳದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವವನು ನಾನು. ಆ ಚೌಕದ ಮುಂದೆ ನಾನು ಬೆಂಚಿನ ಮೇಲೆ ನಿಂತ ಹುಡುಗನಾದೆ. ಏನು ಬರೆಯುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ, ಬರೆಯುತ್ತೇನೆ ಎಂಬುದಷ್ಟೇ ಗೊತ್ತಿತ್ತು. ಸದ್ಯಕ್ಕೆ ಚೌಕವನ್ನು ಹಾಗೇ ಬಿಟ್ಟು ಬರೆಯಲು ಶುರುಮಾಡಿದೆ. ಮೊದಲು ಒಂದು ಕವಿತೆ. ನಂತರ ರಾಯಬಾಗದ ಬಸ್‌ಸ್ಟ್ಯಾಂಡಿನಲ್ಲಿ ತಿಂದ ಖಾರದ ಮಿಸಳಿನ ಮೇಲೆ ಒಂದು ವಿಮರ್ಶೆ. ಆಮೇಲೆ ಜಾಗತೀಕರಣ. ಅದಾದ ಮೇಲೆ ನಮ್ಮ ಮನೆಯ ನಲ್ಲಿಗೆ ನೀರು ಬಾರದ ಬಗ್ಗೆ. ಕಬ್ಬಿನ ಟ್ರ್ಯಾಕ್ಟರುಗಳು ಹಚ್ಚುವ ಹಾಡುಗಳ ಬಗ್ಗೆ. ಮತ್ತು ನಾನು ಅತ್ಯಂತ ಹೆಮ್ಮೆಪಟ್ಟ 'ಪೈಥಾಗೊರಸ್ ಮತ್ತು ದಾಂಪತ್ಯ' ಎಂಬ ಚಿಂತನೆ. ಅದರಲ್ಲಿ ಏನಿತ್ತೆಂದು ದಯವಿಟ್ಟು ಕೇಳಬೇಡಿ.

ಇಷ್ಟೆಲ್ಲವನ್ನೂ ಒಂದೇ ಚೌಕದಲ್ಲಿ ಕೂಡಿಸಲು ಹೊರಟಾಗ ಹುಟ್ಟಿದ್ದೇ ಆ ಐದು ಸಾಲು: 'ಗಡಿನಾಡಿನ ಬಹುಭಾಷಿಕ ಬದುಕಿನ ಬಹುಮುಖಿ ಸಂವೇದನೆಗಳ ಸಮನ್ವಯದ ಸೃಜನಶೀಲ ಅಭಿವ್ಯಕ್ತಿಗೊಂದು ಮುಕ್ತ ವೇದಿಕೆ. ಇಲ್ಲಿ ನಿನ್ನೆಯು ಇಂದಿನೊಡನೆ ಮಾತಾಡುತ್ತದೆ, ನಾಳೆಯು ಕಿವಿಗೊಡುತ್ತದೆ.' ನಾಳೆಯು ಕಿವಿಗೊಡುತ್ತದೆ ಎಂಬ ಮಾತು ಹೊಳೆದಾಗ ನನಗೆ ಕಣ್ಣೀರು ಬಂತು. ಈಗಲೂ ಬರುತ್ತದೆ, ಕಾರಣ ಬೇರೆ.

ಆದರೆ ಚೌಕದಲ್ಲಿ ಬರೆಯುವುದು ಬೇರೆ, ಜನರಿಗೆ ಬಾಯಿಬಿಟ್ಟು ಹೇಳುವುದು ಬೇರೆ. ಹೆಡ್‌ಮಾಸ್ತರರು ಕೇಳಿದಾಗ "ಶೈಕ್ಷಣಿಕ ರೀ ಸರ್" ಎಂದೆ. ಊರಲ್ಲಿ ಅಪ್ಪ ಕೇಳಿದಾಗ "ಪೇಪರ್ ಇದ್ದಂಗ" ಎಂದೆ. ಅಪ್ಪ ಅದನ್ನು ಕಟ್ಟೆಯ ಮೇಲೆ ಎಲ್ಲರಿಗೂ ಹೇಳಿ, ಆಮೇಲೆ ದಿನಾ ಕಟಿಂಗ್ ಅಂಗಡಿಯ ಪೇಪರಿನಲ್ಲಿ ನನ್ನ ಹೆಸರು ಹುಡುಕತೊಡಗಿದ. ಹೆಂಡತಿಯ ತಮ್ಮ ನಿಪ್ಪಾಣಿಯಲ್ಲಿ ಸಣ್ಣ ಮುದ್ರಣಾಲಯ ನಡೆಸುತ್ತಾನೆ. ತಂಬಾಕಿನ ಗೋದಾಮುಗಳ ನಡುವೆ ಅವನ ಅಂಗಡಿ, ಅಲ್ಲಿ ಅಚ್ಚಾದ ಲಗ್ನಪತ್ರಿಕೆ ಮೂಸಿದರೂ ಸೀನು ಬರುತ್ತದೆ. ಅವನ ಹತ್ತಿರ ಕಾರ್ಡು ಹಾಕಿಸಲು ಹೋದಾಗ ಅವನೂ ಅದನ್ನೇ ಕೇಳಿದ. "ಬ್ಲಾಗ್ ಮ್ಹಣಜೆ ಏನ್ರಿ ದಾಜಿ? ಏನರ ಮಾರೂದೈತೇನು?" ಏನೂ ಮಾರುವುದಿಲ್ಲ, ಬರೆದು ಹಾಕುವುದು, ಬೇಕಾದವರು ಬಂದು ಓದುವುದು ಎಂದು ವಿವರಿಸಿದೆ. ಅವನು ತಲೆ ಕೆರೆದುಕೊಂಡು, "ಅಂದ್ರ ದುಕಾನ ಇಲ್ಲದ ಬೋರ್ಡ ಅನ್ರಿ" ಎಂದ. ನನ್ನ ಐದು ಸಾಲು ನೋಡಿ, "ಇಷ್ಟ ಹಾಕಿದ್ರ ಕಾರ್ಡ ಅಲ್ಲ, ಲಗ್ನಪತ್ರಿಕಿ ಆಗತೈತಿ. ಒಂದ ಓಳಿನ್ಯಾಗ ಹೇಳ್ರಲ್ಲ" ಎಂದ. ಒಂದು ಸಾಲಿನಲ್ಲಿ ಹೇಳಲು ಬರುವಂತಿದ್ದರೆ ನಾನು ಚಿಂತಕ ಏಕಾಗುತ್ತಿದ್ದೆ? ಹಟ ಹಿಡಿದು ಇರುವೆಯಂಥ ಅಕ್ಷರಗಳಲ್ಲಿ ಐದೂ ಸಾಲು ಹಾಕಿಸಿದೆ.

ಓದುವವರು ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಬ್ಲಾಗಿನ ಒಂದು ಮೂಲೆಯಲ್ಲಿ ಎಷ್ಟು ಜನ ಬಂದರೆಂದು ತೋರಿಸುವ ಎಣಿಕೆ ಇತ್ತು. ಎಷ್ಟು ಜನ ಬಂದಿದ್ದಾರೆ ಎಂದು ನೋಡಲು ನಾನು ಹೋದಾಗಲೆಲ್ಲ ಅದು ಒಂದು ಏರುತ್ತಿತ್ತು. ಒಬ್ಬ ಪರದೇಶಿ ಮಾತ್ರ ಪ್ರತಿ ಬರಹಕ್ಕೂ ಇಂಗ್ಲಿಷಿನಲ್ಲಿ ಬಹಳ ಮೆಚ್ಚಿ ಬರೆದು ಕೊನೆಗೆ ಕೂದಲುದುರುವುದಕ್ಕೆ ಔಷಧಿ ಸೂಚಿಸುತ್ತಿದ್ದ. ಅವನಿಗೆ ನಾನು ಬಹಳ ದಿನ ಧನ್ಯವಾದ ಹೇಳಿದ್ದೇನೆ. ಹೆಂಡತಿಯನ್ನು ಓದಲು ಕರೆದರೆ, "ದಿನಾ ಕೇಳಾಕತ್ತೀನಲ್ಲ, ಮತ್ತ ಓದೂದೂ ಬ್ಯಾರೆ ಏನ್ರಿ?" ಎನ್ನುತ್ತಿದ್ದಳು.

ಹೀಗಿರುವಾಗ ಬ್ಲಾಗಿಗೆ ಒಂದು ಖಚಿತವಾದ ಉದ್ದೇಶ ಬೇಕು ಎಂದು ತೀರ್ಮಾನಿಸಿದೆ. ಉದ್ದೇಶವಿದ್ದರೆ ಓದುಗರು ತಾವಾಗಿ ಬರುತ್ತಾರೆ ಎಂದು ಎಲ್ಲೋ ಓದಿದ್ದೆ. ಯೋಚಿಸಿ ಯೋಚಿಸಿ ನನಗೆ ಸಿಕ್ಕ ಉದ್ದೇಶವೆಂದರೆ ಗಂಗತ್ತೆ.

ಗಂಗತ್ತೆ ಅಪ್ಪನ ತಂಗಿ. ಯಡೂರಿಗೆ ಕೊಟ್ಟದ್ದು, ಕೃಷ್ಣೆಯ ದಂಡೆಗೆ. ಕಾಗವಾಡದಿಂದ ಅಥಣಿಯವರೆಗೆ ನಮ್ಮ ಬೀಗರ ಬಳಗದಲ್ಲಿ ಅವಳ ಹೆಸರು ಗೊತ್ತಿರುವುದು ಒಡಪಿನಿಂದ. ಒಡಪು ಎಂದರೆ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದಿದ್ದರೆ ಹೀಗೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಆದರೆ ಮದುವೆಯಾಗಿ ಹೊಸ ಸೊಸೆ ಮನೆಗೆ ಬಂದಾಗ, ಬಳಗದ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎನ್ನುತ್ತಾರೆ. ಆಗ ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಇಟ್ಟು ಹೇಳಬೇಕು. ಹೊಸಬಳು ಹೇಳಿದ ಮೇಲೆ ಹಳಬರ ಸರದಿ. ಗಂಗತ್ತೆಯ ಸರದಿ ಬಂದರೆ ಹೊರಗೆ ಹಂದರದಲ್ಲಿ ಎಲೆ ತಿಕ್ಕುತ್ತಿದ್ದ ಗಂಡಸರೂ ಬಾಯಿ ಮುಚ್ಚುತ್ತಿದ್ದರು. "ಅಥಣಿ ದ್ರಾಕ್ಷಿ ಗೊನಿ ಗೊನಿ, ನಿಪ್ಪಾಣಿ ತಂಬಾಕ ಹೊರಿ ಹೊರಿ, ಬಾಳಗೌಡರ ಹೆಸರ ಹೇಳತೀನಿ ಬಾಗಲಾ ಬಿಟ್ಟು ಸರಿ ಸರಿ" ಎಂದು ಅವಳು ಸೆರಗು ಬಿಗಿದು ನುಗ್ಗಿದರೆ ನಿಜಕ್ಕೂ ಎಲ್ಲರೂ ಸರಿಯುತ್ತಿದ್ದರು. ಹೇಳಿದ್ದನ್ನು ಇನ್ನೊಂದು ಮದುವೆಯಲ್ಲಿ ಹೇಳುತ್ತಿರಲಿಲ್ಲ. ಪ್ರತಿ ಸಲವೂ ಹೊಸದು, ಹೆಸರು ಮಾತ್ರ ಅದೇ.

ಆ ಹೆಸರಿನ ಮನುಷ್ಯ, ನನ್ನ ಬಾಳಗೌಡ ಮಾವ, ಬಹಳ ಕಡಿಮೆ ಮಾತಿನವನು. ಎಮ್ಮೆಗಳ ಜೊತೆ ಆಡಿದಷ್ಟು ಮಾತನ್ನು ಜನರ ಜೊತೆ ಆಡಿದವನಲ್ಲ. ಹೆಂಡತಿಯ ಒಡಪಿನ ಹೊತ್ತಿಗೆ ಸರಿಯಾಗಿ ಅವನಿಗೆ ಬಾಗಿಲ ಹತ್ತಿರ ಏನಾದರೂ ಕೆಲಸ ಬೀಳುತ್ತಿತ್ತು. ಚಪ್ಪಲಿ ಹುಡುಕುತ್ತಿದ್ದ, ರುಮಾಲು ಬಿಚ್ಚಿ ಸುತ್ತುತ್ತಿದ್ದ, ಗೋಡೆಗೆ ಆತು ಆಕಾಶ ನೋಡುತ್ತಿದ್ದ. ಒಳಗೆ ತನ್ನ ಹೆಸರು ಕೇಳಿಸಿದ ಮೇಲೆ ಏನೂ ಆಗದವನಂತೆ ಹಂದರಕ್ಕೆ ಹೋಗಿ ಕೂರುತ್ತಿದ್ದ. ಇಡೀ ಮದುವೆಯಲ್ಲಿ ಅವನು ಬಯಸಿದ್ದು ಅದೊಂದೇ. ಊಟ ಹೇಗಿತ್ತು ಮಾವ ಎಂದರೆ ಅವನಿಗೆ ನೆನಪಿರುತ್ತಿರಲಿಲ್ಲ.

ನಾನು ಬ್ಲಾಗು ತೆರೆಯುವುದಕ್ಕೆ ಕೆಲವು ವರ್ಷ ಮೊದಲೇ ಮಾವ ತೀರಿಕೊಂಡಿದ್ದ. ಆವತ್ತಿನಿಂದ ಗಂಗತ್ತೆಯನ್ನು ಯಾರೂ ಬಾಗಿಲಿಗೆ ಕರೆಯಲಿಲ್ಲ. ಮದುವೆಗೆ ಕರೆಯುತ್ತಿದ್ದರು, ಹೋಗುತ್ತಿದ್ದಳು, ಒಳಗಿನ ಕೋಣೆಯ ಗೋಡೆಗೆ ಒರಗಿ ಬೆಳ್ಳುಳ್ಳಿ ಸುಲಿಯುತ್ತ ಕೂರುತ್ತಿದ್ದಳು. ಗಂಡ ಇಲ್ಲದವಳು ಹೊಸ್ತಿಲಲ್ಲಿ ನಿಂತು ಒಡಪು ಹೇಳುವ ಪದ್ಧತಿ ಇಲ್ಲ. ಯಾರೂ ಬೇಡವೆಂದು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಬರಿಯ ಮಾತಿನಲ್ಲಂತೂ ಆ ಹೆಸರು ಅವಳ ಬಾಯಿಂದ ಎಂದೂ ಬಂದದ್ದಲ್ಲ. ದವಾಖಾನೆಯಲ್ಲಿ ಗಂಡನ ಹೆಸರು ಕೇಳಿದರೆ ನನ್ನ ಮುಖ ನೋಡುತ್ತಿದ್ದಳು, ನಾನು ಹೇಳುತ್ತಿದ್ದೆ. ಅಂದರೆ ನೋಡಿ, ಮಾವ ಹೋದದ್ದರ ಜೊತೆಗೆ ಅವನ ಹೆಸರು ಹೇಳುವ ಒಂದೇ ಬಾಗಿಲೂ ಅವಳಿಗೆ ಮುಚ್ಚಿತು. ಒಮ್ಮೆ ಅವಳೇ ನನ್ನಮ್ಮನ ಹತ್ತಿರ, "ಮನುಷ್ಯಾ ಹೋದದ್ದ ತಡಕೊಂಡ್ನಿ ವೈನಿ, ಬಾಯಾಗಿನ ಹೆಸರ ಹೋದದ್ದ ತಡ್ಯಾಕ ಆಗವಲ್ದು" ಎಂದಿದ್ದಳಂತೆ. ಅಮ್ಮ ಇದನ್ನು ನನಗೆ ಹೇಳಿದಾಗ, ಸುಳ್ಳೇಕೆ, ನನಗೆ ಮೊದಲು ಹೊಳೆದದ್ದು ಬ್ಲಾಗಿಗೆ ವಸ್ತು ಸಿಕ್ಕಿತು ಎಂದೇ.

ಮೊಬೈಲಿನಲ್ಲಿ ಧ್ವನಿ ಮುದ್ರಿಸುವುದನ್ನು ಕಲಿತುಕೊಂಡು ಯಡೂರಿಗೆ ಹೋದೆ. ಅತ್ತೆ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಬಂದ ಕಾರಣವನ್ನು ಸಾಂಸ್ಕೃತಿಕ ದಾಖಲೀಕರಣ ಎಂಬಲ್ಲಿಂದ ಆರಂಭಿಸಿದೆ. ಬಹುಮುಖಿ ಸಂವೇದನೆಯ ಹೊತ್ತಿಗೆ ಅವಳು ಆಕಳಿಸಿದಳು.

"ಒಂದ ಮಾತಿನ್ಯಾಗ ಹೇಳೋ" ಎಂದಳು. "ಅದು ಯಾಕ ಐತಿ?"

"ಗಡಿನಾಡಿನ..." ಎಂದು ಶುರುಮಾಡಿದೆ.

"ಗಡಿ ಸುದ್ದಿ ಬಿಡು. ನಾ ಹೇಳಿದ್ರ ಯಾರ ಕೇಳತಾರಲ್ಲಿ? ಅದನ್ನ ಹೇಳ."

ಇಲ್ಲಿ ನಾನು ಸುಳ್ಳು ಹೇಳಬಹುದಿತ್ತು. ದೇಶ ವಿದೇಶ ಎಂದು ಬಾಯಿಗೆ ಬಂದಿತ್ತು. ಆದರೆ ಆವತ್ತು ಮುಂಜಾನೆಯೇ ಎಣಿಕೆ ನೋಡಿ ಬಂದಿದ್ದೆನಲ್ಲ, ಆ ದುಃಖ ಹಸಿಯಾಗಿತ್ತು. "ಯಾರೂ ಇಲ್ಲತ್ತಿ" ಎಂದೆ. "ಖರೇ ಹೇಳಬೇಕಂದ್ರ ಒಬ್ಬರೂ ಓದೂದಿಲ್ಲ. ನಾ ಬರೀತೀನಿ, ನಾನs ನೋಡತೀನಿ."

ಅವಳ ಕೈ ಮೊರದ ಮೇಲೆ ನಿಂತಿತು. "ಒಬ್ಬರೂ ಇಲ್ಲ?"

"ಒಬ್ಬರೂ ಇಲ್ಲ."

"ಬೀಗರು ಬಿಜ್ಜರು?"

"ನಿಮ್ಮ ಸೊಸಿನೂ ಓದೂದಿಲ್ಲ."

ಗಂಗತ್ತೆ ಬಾಗಿಲ ಕಡೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿ ಹೇಳಿದಳು. "ಹಂಗಾದ್ರ ಅದು ಬಾಗಲದಾಗ ಯಾರೂ ನಿಂತಿರದ ಮನಿ ಅಲ್ಲೇನು? ಅಲ್ಲಿ ನಾ ಹೇಳಿದ್ರ ಯಾರ ಏನಂತಾರ? ಹಚ್ಚು ನಿನ್ನ ಮೊಬೈಲ."

ಬ್ಲಾಗಿನ ಲೋಕದಲ್ಲಿ ಓದುಗರಿಲ್ಲ ಎಂಬ ಕಾರಣಕ್ಕೇ ಒಂದು ಬ್ಲಾಗನ್ನು ಮೆಚ್ಚಿದವಳು ಅವಳೊಬ್ಬಳೇ ಇರಬೇಕು. ಅವಳು ಹೇಳಿದ ಮೊದಲನೆಯದು ಇದು: "ಹೊಳಿ ತುಂಬಿ ಬಂದಾಗ ನಾವಿ ನಡಸಾಂವ ಅಂಬಿಗ, ಬಾಳಗೌಡರ ಹೆಸರ ಹೇಳಾಕ ನಾಚಿಕಿ ಯಾಕ ನನಗ?" ಹೇಳಿ ಮುಗಿಸಿ ಅವಳು ಮತ್ತೆ ಮೊರಕ್ಕೆ ಕೈಹಾಕಿದಳು. ನಾನು ಮುದ್ರಣ ನಿಲ್ಲಿಸುವುದನ್ನು ಮರೆತೆ. ಮೊಬೈಲು ಬಹಳ ಹೊತ್ತು ಜೋಳ ಕೇರುವ ಸದ್ದನ್ನೇ ಮುದ್ರಿಸಿಕೊಂಡಿತು. ಅಷ್ಟು ವರ್ಷದ ಮೇಲೆ ಬಂದ ಹೆಸರು ಅದು. ನನ್ನ ದಾಖಲೀಕರಣದ ಉತ್ಸಾಹ ಅಲ್ಲಿಗೆ ಇಳಿದುಹೋಯಿತು.

ಅಲ್ಲಿಂದ ಆಗಾಗ ಯಡೂರಿಗೆ ಹೋಗುವುದು ರೂಢಿಯಾಯಿತು. ಅವಳು ಹೊಸ ಒಡಪು ಕಟ್ಟಿ ಇಟ್ಟುಕೊಂಡಿರುತ್ತಿದ್ದಳು. ಕೆಲವದರಲ್ಲಿ ಮಾವನಿಗೆ ಬೈಗುಳವಿರುತ್ತಿತ್ತು. ಬದುಕಿದ್ದಾಗ ಬೈಯದೆ ಬಿಟ್ಟದ್ದೆಲ್ಲ ಪ್ರಾಸಬದ್ಧವಾಗಿ ಈಗ ಬರುತ್ತಿತ್ತು. ಚಹದ ಬಟ್ಟಲನ್ನು ಕಿಟಕಿಯಲ್ಲೇ ಬಿಟ್ಟುಹೋಗುವುದು, ಕರೆದರೆ ಓ ಅನ್ನದಿರುವುದು. ನಾನು ಮನೆಗೆ ಬಂದು ಟೈಪು ಮಾಡಿ ಬ್ಲಾಗಿಗೆ ಹಾಕುತ್ತಿದ್ದೆ. ಮುಂದಿನ ಸಲ ಹೋದಾಗ ಅವಳ ಮೊದಲ ಪ್ರಶ್ನೆ, "ಯಾರರ ಓದಿದ್ರೇನು?" ಯಾರೂ ಇಲ್ಲ ಎಂದರೆ ಮುಖ ಅರಳುತ್ತಿತ್ತು, ಚಹಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಬೀಳುತ್ತಿತ್ತು. ಲೋಕದ ಬ್ಲಾಗಿಗರೆಲ್ಲ ಓದುಗರಿಗಾಗಿ ದೇವರಿಗೆ ಕೈಮುಗಿಯುತ್ತಿದ್ದ ಕಾಲದಲ್ಲಿ ನಾನು ಯಡೂರಿನ ವೀರಭದ್ರನ ಮುಂದೆ ನಿಂತು, ಹೀಗೇ ಇರಲಪ್ಪಾ, ಯಾರೂ ಬರದಿರಲಿ ಎಂದು ಬೇಡಿಕೊಂಡಿದ್ದೇನೆ. ನನ್ನ ಹಿಂದಿನ ಸಾಧನೆ ನೋಡಿದರೆ ಇದು ದೊಡ್ಡ ಬೇಡಿಕೆಯೇನೂ ಆಗಿರಲಿಲ್ಲ.

ಆದರೆ ಒಂದು ವರ್ಷ ಎಣಿಕೆ ತಾನಾಗಿ ಏರತೊಡಗಿತು. ಆಗ ಎಲ್ಲರ ಕೈಯಲ್ಲೂ ವಾಟ್ಸಾಪ್ ಬಂದಿತ್ತು. ನಾನು ನೋಡದ ದಿನವೂ ಜನ ಬಂದು ಹೋಗಿರುತ್ತಿದ್ದರು. ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ, ಕೊನೆಗೂ ಪೈಥಾಗೊರಸ್ ದಾಂಪತ್ಯವನ್ನು ನಾಡು ಗುರುತಿಸಿದೆ ಎಂದುಕೊಂಡೆ. ಅದರ ಎರಡನೆಯ ಭಾಗಕ್ಕೆ ಟಿಪ್ಪಣಿಯನ್ನೂ ಮಾಡಿಕೊಂಡೆ.

ಆ ಬೇಸಿಗೆಯಲ್ಲಿ ಕಾಗವಾಡದಲ್ಲಿ ಬಾಳಗೌಡ ಮಾವನ ತಂಗಿ ಕಮಲವ್ವನ ಮಗ ಪ್ರವೀಣನ ಮದುವೆಯಾಯಿತು. ಹುಡುಗಿ ಪ್ರಾಜಕ್ತಾ, ಗಡಿಯ ಆಚೆಯವಳು, ಕಲಿತದ್ದೆಲ್ಲ ಮರಾಠಿ. ಕನ್ನಡ ತಿಳಿಯುತ್ತಿರಲಿಲ್ಲ. ನಾವೆಲ್ಲ ಗಂಡಿನ ಕಡೆಯವರು, ಮದುಮಕ್ಕಳ ವರಾತದ ಮೆರವಣಿಗೆ ಮುಗಿಸಿ ಮನೆಯ ಮುಂದೆ ಬಂದಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಮರಾಠಿಯಲ್ಲೂ ಇದೇ ಪದ್ಧತಿ ಉಂಟು, ಅವಳು ತನ್ನ ಭಾಷೆಯಲ್ಲಿ ಹೇಳಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಹುಡುಗಿ ಅತ್ತೆಮನೆಯವರ ಮನಸ್ಸು ಗೆಲ್ಲಬೇಕೆಂದು ಕನ್ನಡದ್ದನ್ನೇ ಕಲಿತು ಬಂದಿದ್ದಳು. ಯಾರೋ ಮರಾಠಿ ಅಕ್ಷರದಲ್ಲಿ ಬರೆದು ಮೊಬೈಲಿಗೆ ಕಳಿಸಿದ್ದನ್ನು ಮಂತ್ರದಂತೆ ಬಾಯಿಪಾಠ ಮಾಡಿದ್ದಳು. ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಒಂದಕ್ಷರ ಬಿಡದೆ ಒಪ್ಪಿಸಿದಳು.

"ಹೊಳಿ ತುಂಬಿ ಬಂದಾಗ ನಾವಿ ನಡಸಾಂವ ಅಂಬಿಗ, ಬಾಳಗೌಡರ ಹೆಸರ ಹೇಳಾಕ ನಾಚಿಕಿ ಯಾಕ ನನಗ?"

ಹೆಸರನ್ನು ಬದಲಾಯಿಸಿ ಹೇಳಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಅದು ಹೆಸರೆಂದೇ ತಿಳಿದಿರಲಿಲ್ಲ. ಒಂದು ಗಳಿಗೆ ಬ್ಯಾಂಡಿನವನೂ ಊದುವುದನ್ನು ಮರೆತ. ಆಮೇಲೆ ಹಂದರವೆಲ್ಲ ಬಿದ್ದು ಬಿದ್ದು ನಕ್ಕಿತು. "ಯಾಂವಲೇ ಇಂವ ಬಾಳಗೌಡ?" ಎಂದು ಮದುಮಗನ ಗೆಳೆಯರು ಅವನ ಬೆನ್ನಿಗೆ ಗುದ್ದಿದರು. ಹುಡುಗಿ ಹೆದರಿ, "ಕಾಯ್ ಚುಕಲಂ? ಬಾಳಗೌಡ ಮ್ಹಣಜೆ ಕೋಣ?" ಎಂದು, ಏನು ತಪ್ಪಾಯಿತು, ಬಾಳಗೌಡ ಅಂದರೆ ಯಾರು ಎಂದು ತನ್ನ ಮರಾಠಿಯಲ್ಲಿ ಕೇಳಿದಳು. ಕಮಲವ್ವ ನಗಲಿಲ್ಲ. ಕೈಯಲ್ಲಿದ್ದ ಆರತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಅದು ಅವಳ ಅಣ್ಣನ ಹೆಸರು. ನಾನು ಹಂದರದಲ್ಲಿ ಇಳಿಸಿಟ್ಟಿದ್ದ ಬಳುವಳಿಯ ಹೊಸ ಕಪಾಟಿನ ಹಿಂದೆ ಸರಿದೆ. ಒಳಗಿನ ಕೋಣೆಯಲ್ಲಿ ಗಂಗತ್ತೆ ಕೂತಿದ್ದಾಳೆ, ಅವಳಿಗೆ ಇದು ಕೇಳಿಸಿದೆ, ಯಾರೂ ಓದುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟವನು ನಾನು. ಆ ಕಪಾಟಿನೊಳಗೇ ಹೊಕ್ಕು ಬೀಗ ಹಾಕಿಕೊಳ್ಳುವ ಹಾಗಿದ್ದರೆ ಎಂದು ನನಗೆ ಅನ್ನಿಸಿತು.

ಗಂಗತ್ತೆ ಬಂದಳು. ಅವಸರವಿಲ್ಲದೆ, ಕೈಗೆ ಅಂಟಿದ ಬೆಳ್ಳುಳ್ಳಿ ಸಿಪ್ಪೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಹೆಂಗಸರ ಹಿಂದೆ ಬಂದು ನಿಂತಳು. ನಗು ಒಂದೊಂದಾಗಿ ನಿಂತಿತು. ಅವಳು ಹುಡುಗಿಯನ್ನು ನೋಡಿ ಹೇಳಿದಳು.

"ಆ ಹೆಸರ ನಂದವ್ವಾ. ನೀ ನಿಂದ ಹೇಳ."

ಹಿರಿಯ ಹೆಂಗಸೊಬ್ಬಳು, "ಗಂಗವ್ವಾ, ನೀ ಒಳಗ ನಡಿ" ಎಂದು ತೋಳು ಹಿಡಿದಳು. ಅಷ್ಟರಲ್ಲಿ ಕಮಲವ್ವನ ದನಿ ಬಂತು. "ಇರಲಿ, ನಿಂದರಲಿ. ವೈನಿ, ನೀವs ಹೇಳ್ರಿ. ಆಕಿ ಕೇಳಿ ಕಲೀಲಿ. ನಮ್ಮಣ್ಣನ ಹೆಸರ ನಿಮ್ಮ ಬಾಯಿಲೆ ಕೇಳಿ ಭಾಳ ದಿನ ಆತು."

ಗಂಗತ್ತೆ ಕಮಲವ್ವನ ಮುಖವನ್ನೇ ನೋಡಿದಳು. ಹೆಂಗಸರು ದಾರಿ ಬಿಟ್ಟರು, ಕೆಲವರು ಮನಸ್ಸಿಲ್ಲದೆ. ಅವಳು ಹೊಸ್ತಿಲಿಗೆ ಬಂದು, ಚೌಕಟ್ಟಿಗೆ ಒಂದು ಕೈ ಊರಿ ನಿಂತಳು. ನಾನು ಕಪಾಟಿನ ಹಿಂದಿನಿಂದ ಈಚೆ ಬಂದೆ.

"ಹೊಸ ಸೊಸಿ ಹೊಸ್ತಿಲ ಮ್ಯಾಗ, ಹಳೀ ಸೊಸಿ ಹಿಂದ ಮೂಲ್ಯಾಗ, ಬಾಳಗೌಡರ ಹೆಸರ ಇನ್ನೂ ಐತಿ ನನ್ನ ನಾಲಿಗಿ ತುದಿ ಮ್ಯಾಗ."

ಕಮಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಡುಗಿಗೆ ಮಾತು ಪೂರ್ತಿ ತಿಳಿಯದಿದ್ದರೂ ಏನೋ ತಿಳಿಯಿತು, ಬಗ್ಗಿ ಗಂಗತ್ತೆಯ ಕಾಲು ಮುಟ್ಟಿದಳು. ಆಮೇಲೆ ಅದೇ ಅಂಬಿಗನ ಒಡಪನ್ನು ಪ್ರವೀಣನ ಹೆಸರು ಹಾಕಿ ಹೇಳಿ ಒಳಗೆ ಬಂದಳು. ಊಟದ ಹೊತ್ತಿಗೆ ಇದು ಸರಿಯೋ ತಪ್ಪೋ ಎಂದು ಎರಡು ಪಂಕ್ತಿಗಳಾಗಿ ವಾದ ನಡೆಯಿತು. ಗಂಗತ್ತೆ ಎರಡೂ ಪಂಕ್ತಿಗೆ ಹುಗ್ಗಿ ಬಡಿಸಿದಳು.

ಮರಳುವಾಗ ಬಾಡಿಗೆ ಜೀಪಿನಲ್ಲಿ ನಾನು, ಹೆಂಡತಿ, ಅತ್ತೆ. ಅಂಕಲಿಯ ಹತ್ತಿರ ಅತ್ತೆ ಬಾಯಿಬಿಟ್ಟಳು. "ಓದಾವ್ರು ಯಾರೂ ಇಲ್ಲ ಅಂದಿದ್ದಿ." ನಾನು ಡ್ರೈವರನ ಬೆನ್ನು ನೋಡುತ್ತ ಕೂತೆ. ಹೆಂಡತಿ ಮೆಲ್ಲಗೆ, "ನಾ ಓದತಿದ್ನಿರಿ ಅತ್ತಿ" ಎಂದಳು. "ಭಾಳ ಚಲೋ ಇದ್ವು. ನಮ್ಮ ನಿಪ್ಪಾಣಿ ಅಕ್ಕತಂಗ್ಯಾರಿಗೆ ಕಳಿಸಿದ್ನಿ. ಅವರು ಮುಂದ ಯಾರಿಗೋ ಕಳಿಸ್ಯಾರ. ಹಿಂಗ ಕಾಗವಾಡತನಕಾ ಬರತೈತಿ ಅಂತ ನನಗೇನ ಗೊತ್ತು?" ಇಷ್ಟು ವರ್ಷ ನನ್ನ ಮನೆಯಲ್ಲೇ ಓದುವವಳೊಬ್ಬಳಿದ್ದಳು! ನನ್ನ ಎದೆ ಉಬ್ಬಿತು. "ಮತ್ತ ಪೈಥಾಗೊರಸ್?" ಎಂದು ಕೇಳಿದೆ. "ಅದೇನು?" ಎಂದಳು. ನನ್ನದಲ್ಲದ ಭಾಗವನ್ನು ಮಾತ್ರ ಆರಿಸಿ ಓದುತ್ತಿದ್ದಳು.

ಅತ್ತೆ ಸಿಟ್ಟಾಗುತ್ತಾಳೆ ಎಂದು ಕಾದೆವು. ಅವಳು ಹೊರಗಿನ ಕಬ್ಬಿನ ಹೊಲಗಳನ್ನು ನೋಡುತ್ತ, "ಆ ಬ್ಯಾಂಡಿನ ಗದ್ದಲದಾಗ ಹೊರಗ ಕೇಳಸಿರತೈತೇನ ಅಂತೀನಿ" ಎಂದಳು. ಯಾರಿಗೆ ಎಂದು ನಾವು ಕೇಳಲಿಲ್ಲ. "ಚಂದಂಗ ಕೇಳಸಿರತೈತಿ ಅತ್ತಿ" ಎಂದು ಹೆಂಡತಿ ಅವಳ ಕೈ ಹಿಡಿದಳು.

ಆಮೇಲೆ ಗಂಗತ್ತೆ ಬ್ಲಾಗಿಗೆ ಒಡಪು ಕೊಡಲಿಲ್ಲ. ಮೊಬೈಲು ಹಿಡಿದು ಹೋದ ನನಗೆ, "ಇನ್ನ ಯಾಕೋ? ಕರದವ್ರ ಮನಿ ಬಾಗಲದಾಗ ನಿಂತ ಹೇಳತೀನಿ" ಎಂದು ಚಹ ಕೊಟ್ಟು ಕಳಿಸಿದಳು. ಕರೆಯುವವರು ಎಲ್ಲರೂ ಅಲ್ಲ, ಈಗಲೂ ಎಷ್ಟೋ ಮನೆಗಳಲ್ಲಿ ಅವಳಿಗೆ ಒಳಗಿನ ಕೋಣೆಯೇ. ಆದರೆ ಕಮಲವ್ವನ ಬಳಗದ ಮದುವೆಗಳಲ್ಲಿ ಅವಳ ಸರದಿ ತಪ್ಪುವುದಿಲ್ಲ. ನನ್ನ ಬ್ಲಾಗು ನಿಂತುಹೋಯಿತು. ಪೈಥಾಗೊರಸ್ಸಿನ ಎರಡನೆಯ ಭಾಗ ಬರಲಿಲ್ಲ ಎಂದು ಈವರೆಗೆ ಯಾರೂ ದೂರಿಲ್ಲ.

ಹವೀಜದ ಡಬ್ಬಿ ಕೆಳಗಿಟ್ಟ ಆ ಸಂಜೆ, ಎಷ್ಟೋ ವರ್ಷಗಳ ಮೇಲೆ, ಬ್ಲಾಗು ತೆರೆಯಲು ಕೂತೆ. ಪಾಸ್‌ವರ್ಡ್ ನೆನಪಿರಲಿಲ್ಲ. ಊಹಿಸಿ ಊಹಿಸಿ ಸೋತ ಮೇಲೆ ಹೆಂಡತಿ ಒಳಗಿನಿಂದಲೇ ಹೇಳಿದಳು, ಅವಳಿಗೆ ಗೊತ್ತಿತ್ತು. ಚೌಕದಲ್ಲಿ ಐದು ಸಾಲು ಹಾಗೇ ಇದ್ದವು, ನಾಳೆಯು ಇನ್ನೂ ಕಿವಿಗೊಡುತ್ತಿತ್ತು. ಎಲ್ಲವನ್ನೂ ಅಳಿಸಿದೆ. ಈ ಸಲ ಯೋಚಿಸಬೇಕಾಗಲಿಲ್ಲ. 'ಇಲ್ಲಿ ಗಂಗವ್ವ ತನ್ನ ಗಂಡನ ಹೆಸರು ಹೇಳುತ್ತಾಳೆ' ಎಂದು ಬರೆದೆ. ವೃತ್ತದ ವ್ಯಾಖ್ಯೆಗಿಂತ ಚಿಕ್ಕದು. ಕೆಳಗೆ, ಅಭ್ಯಾಸಬಲ, ನನ್ನ ಹೆಸರು ಹಾಕಿದೆ. ಚಿಂತಕ ಎಂಬುದನ್ನು ಮಾತ್ರ ಬಿಟ್ಟೆ, ಅಷ್ಟು ಸುಧಾರಿಸಿದ್ದೇನೆ.

ಅತ್ತೆಗೆ ಫೋನು ಮಾಡಿ ಓದಿ ಹೇಳಿದೆ. "ಇನ್ನೊಮ್ಮೆ ಓದು" ಎಂದಳು. ಓದಿದೆ.

"ಕಡೀಕ ಅದ್ಯಾರ ಹೆಸರೋ?"

"ನಂದತ್ತಿ."

"ನಿಂದ್ಯಾಕ? ಹೇಳಾಕಿ ನಾ ಅಲ್ಲೇನು? ತಗಿ ಅದನ್ನ." ಮತ್ತೆ ಕೇಳಿದಳು. "ಗಂಡನ ಹೆಸರ ಹೇಳತಾಳ ಅಂತ ಬರದಿ, ಹೆಸರs ಬರದಿಲ್ಲಲ್ಲೋ."

"ಏನಂತ ಬರೀಲಿ, ಹೇಳ್ರಿ" ಎಂದೆ. ಎರಡು ಸಾಲಿನ ಪ್ರಾಸ ಬರುತ್ತದೆಂದು ಬೆರಳುಗಳನ್ನು ಅಕ್ಷರಗಳ ಮೇಲಿಟ್ಟು ಕಾದೆ. ಆಚೆಯಿಂದ ಅವಳ ಉಸಿರು ಕೇಳುತ್ತಿತ್ತು.

"ಬಾಳಗೌಡ" ಎಂದಳು.

ಬರಿಯ ಹೆಸರು, ಅದರ ಹಿಂದೆ ಹೊಳೆ ಇರಲಿಲ್ಲ, ಅಂಬಿಗ ಇರಲಿಲ್ಲ, ಬಾಗಿಲಲ್ಲಿ ಯಾರೂ ಇರಲಿಲ್ಲ. "ಬಾಳಗೌಡ ಅಂತ ಬರಿ" ಎಂದು ಇನ್ನೊಮ್ಮೆ ಹೇಳಿ ಅವಳು ಫೋನು ಇಟ್ಟಳು. ನನ್ನ ಹೆಸರು ಅಳಿಸಿ, ಆ ಜಾಗದಲ್ಲಿ ಅದನ್ನು ಬರೆದೆ.